ಎಲೆಯ ಮೇಲೆ ಕೂತಿತ್ತು ಒಂದು ಹೊಸ ಕುಲ!

ಉದ್ದ 9.7 ಮಿಲಿಮೀಟರ್. ಒಂದು ಸೆಂಟಿಮೀಟರ್ ಕೂಡ ಪೂರ್ತಿ ಇಲ್ಲ! ಅಷ್ಟು ಪುಟ್ಟ ಮೈಮೇಲೆ ಎಷ್ಟು ಕೂದಲು ಅಂತೀರಿ? ಎಕ್ಕದ ಕಾಯಿ ಬಿರಿದಾಗ ಗಾಳಿಗೆ ಹಾರುತ್ತದಲ್ಲ, ಆ ಅರಳೆಯನ್ನೇ ತಂದು ಯಾರೋ ಎಳೆ ಎಳೆಯಾಗಿ ನೆಟ್ಟಿದ್ದಾರೇನೋ ಎನ್ನಿಸುವಂತೆ ಮೈತುಂಬ ನೆಟ್ಟಗೆ ನಿಂತ ಉದ್ದುದ್ದ ಬಿಳಿ ಕೂದಲು. ಅವುಗಳ ಸಂದಿಯಿಂದ ಕಪ್ಪು-ಕೆಂಪು ಮೈ ಇಣುಕುತ್ತದೆ. ಇದರ ಫೋಟೋ ಮೊದಲ ಸಲ ಕಣ್ಣಿಗೆ ಬಿದ್ದಾಗ ಇದು ಕೀಟವೋ, ಬೂಸ್ಟು ಹಿಡಿದ ಯಾವುದೋ ಬೀಜವೋ ಎಂದು ತಿಳಿಯದೆ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕಣ್ಣು ಕಂಡಿತು, ಕಾಲು ಕಂಡವು, ಮುಂದಕ್ಕೆ ಚಾಚಿದ ಮೀಸೆ ಕಂಡವು. ಜೀರುಂಡೆ! ಅದೂ ಉದ್ದಮೀಸೆಯ ಜೀರುಂಡೆಗಳ ಕುಟುಂಬದ್ದು. ಆ ಕುಟುಂಬದಲ್ಲಿ ಹೆಸರು ಪಡೆದ ಪ್ರಭೇದಗಳೇ 35,000ಕ್ಕೂ ಹೆಚ್ಚು. ಅಷ್ಟರಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ ಎಂದರೆ ನಂಬುತ್ತೀರಾ? ಪ್ರಭೇದವಷ್ಟೇ ಹೊಸದಾಗಿದ್ದರೆ ಒಂದು ಮಾತು, ಇದನ್ನು ಸೇರಿಸಲು ಈಗಿರುವ ಯಾವ ಕುಲವೂ ಒಗ್ಗದೆ ಇದಕ್ಕೆಂದೇ ಬೇರೆ ಕುಲ ತೆರೆಯಬೇಕಾಯಿತು.

ಇಷ್ಟೆಲ್ಲ ಅಚ್ಚರಿ ಹೊತ್ತ ಈ ಜೀವ ಸಿಕ್ಕಿದ್ದಾದರೂ ಎಲ್ಲಿ? ಮನುಷ್ಯರು ಹೆಜ್ಜೆಯಿಡದ ಕಾಡಿನ ನಡುವೆ ಎಂದುಕೊಂಡಿರಾ? ಟೆಂಟು ಹಾಕುವ ಜಾಗದಲ್ಲಿ!

2021ರ ಡಿಸೆಂಬರ್. ಆಸ್ಟ್ರೇಲಿಯಾದಲ್ಲಿ ಆಗ ಬೇಸಗೆ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗೋಲ್ಡ್ ಕೋಸ್ಟ್ ಕಡಲತೀರದ ಬೆನ್ನಿಗೆ ಏಳುವ ಬೆಟ್ಟಸಾಲಿನಲ್ಲಿ ಬಿನ್ನಾ ಬುರ್ರಾ ಎಂಬ ಪ್ರವಾಸಿಧಾಮವಿದೆ. ಬ್ರಿಸ್ಬೇನಿನಿಂದಲೂ ಗೋಲ್ಡ್ ಕೋಸ್ಟಿನಿಂದಲೂ ವಾರಾಂತ್ಯಕ್ಕೆ ಸಂಸಾರ ಸಮೇತ ಜನ ಬರುವ ಊರು ಅದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜೇಮ್ಸ್ ಟ್ವೀಡ್ ಅಲ್ಲಿ ಬಿಡಾರ ಹೂಡಿದ್ದರು. ಬೆಳಿಗ್ಗೆ ನಡೆದು ಹೋಗುವಾಗ ಲೋಮಾಂಡ್ರಾ ಗಿಡದ ಎಲೆಯ ಮೇಲೆ ಏನೋ ಬೆಳ್ಳಗೆ ಕಂಡಿತು. ಲೋಮಾಂಡ್ರಾ ಎಂದರೆ ಹುಲ್ಲಿನ ಹಾಗೆ ಉದ್ದನೆಯ ಪಟ್ಟಿ ಎಲೆಗಳ ಪೊದೆ. ಅಲ್ಲಿನ ಮೂಲನಿವಾಸಿಗಳು ಅದರ ಎಲೆಯಲ್ಲಿ ಬುಟ್ಟಿ ಹೆಣೆಯುತ್ತಾರೆ. ಎಲೆಯ ಮೇಲಿನ ಬಿಳಿ ಮಚ್ಚೆ ಹಕ್ಕಿಯ ಹಿಕ್ಕೆ ಇರಬೇಕು ಎಂದು ಟ್ವೀಡ್ ಅವರಿಗೆ ಅನ್ನಿಸಿತು. ಯಾರಿಗೇ ಆದರೂ ಅನ್ನಿಸುವುದು ಅಷ್ಟೇ. ಆದರೆ ಅವರು ಇನ್ನೊಮ್ಮೆ ನೋಡಿದರು. ಈ ಇಡೀ ಕಥೆ ನಿಂತಿರುವುದು ಆ ಎರಡನೆಯ ನೋಟದ ಮೇಲೆ! ಹಿಕ್ಕೆ ಎಂದುಕೊಂಡು ಮುಂದೆ ಹೋಗಿದ್ದರೆ ಆ ಜೀವ ಎಲೆ ಬಿಟ್ಟು ಹಾರುತ್ತಿತ್ತು, ಅದು ಇದೆ ಎಂಬ ಸುದ್ದಿ ಲೋಕದಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ನಾವು ಎಷ್ಟು ಹಿಕ್ಕೆಗಳನ್ನು ಹೀಗೆ ದಾಟಿ ಬಂದಿದ್ದೇವೋ! ನಿಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡವೋ ನಿಂಬೆ ಗಿಡವೋ ಇದ್ದರೆ ಎಳೆ ಎಲೆಗಳನ್ನು ಹತ್ತಿರದಿಂದ ನೋಡಿ. ಅಲ್ಲಿ ಕಂದು-ಬಿಳಿ ಬಣ್ಣದ ಹಿಕ್ಕೆಯಂಥದೊಂದು ಕೂತಿರಬಹುದು. ಕಡ್ಡಿಯಿಂದ ಮುಟ್ಟಿದರೆ ಕೆಂಪು ಕೊಂಬು ಹೊರಗೆ ಚಾಚುತ್ತದೆ. ಅದು ನಿಂಬೆ ಚಿಟ್ಟೆಯ ಮರಿಹುಳು. ಹಕ್ಕಿ ತನ್ನ ಹಿಕ್ಕೆಯನ್ನು ತಾನೇ ತಿನ್ನಲಾರದು ಎಂಬ ಭರವಸೆಯಲ್ಲಿ ಬದುಕುವ ಕೀಟಗಳು ಪ್ರಪಂಚದ ಎಲ್ಲ ಕಡೆ ಇವೆ, ಉದ್ದಮೀಸೆ ಜೀರುಂಡೆಗಳಲ್ಲೂ ಇವೆ.

ಈ ಜಾಗದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಬಿನ್ನಾ ಬುರ್ರಾ ಇರುವುದು ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ. ಲ್ಯಾಮಿಂಗ್ಟನ್! ಹುಬ್ಬಳ್ಳಿಯವರಿಗೆ ಆ ಹೆಸರು ಕೇಳಿದೊಡನೆ ಕಿವಿ ನೆಟ್ಟಗಾಗುತ್ತದೆ. ಹೌದು, ಅದೇ ಲಾರ್ಡ್ ಲ್ಯಾಮಿಂಗ್ಟನ್. ಮೊದಲು ಕ್ವೀನ್ಸ್‌ಲ್ಯಾಂಡಿನ ಗವರ್ನರ್, ಆಮೇಲೆ 1903ರಿಂದ 1907ರವರೆಗೆ ಮುಂಬಯಿ ಪ್ರಾಂತದ ಗವರ್ನರ್. ಆಗ ಧಾರವಾಡ ಜಿಲ್ಲೆ ಅದೇ ಪ್ರಾಂತಕ್ಕೆ ಸೇರಿತ್ತು. ಹುಬ್ಬಳ್ಳಿಯಲ್ಲಿ ಒಂದು ಶಾಲೆಗೆ ಉಳಿದ ಹೆಸರು, ಸಾವಿರಾರು ಮೈಲಿ ಆಚೆ ಒಂದು ಮಳೆಕಾಡಿಗೂ ಉಳಿದಿದೆ.

ಆ ಕಾಡು ಹಬ್ಬಿರುವುದು ಸುಮಾರು 2 ಕೋಟಿ 30 ಲಕ್ಷ ವರ್ಷಗಳ ಹಿಂದೆ ಉಕ್ಕಿದ ದೊಡ್ಡ ಜ್ವಾಲಾಮುಖಿಯ ಅವಶೇಷದ ಮೇಲೆ. ಆ ಜ್ವಾಲಾಮುಖಿಯ ಹೆಸರು ಏನು ಗೊತ್ತೆ? ಟ್ವೀಡ್! ಟ್ವೀಡ್ ಜ್ವಾಲಾಮುಖಿಯ ಮಡಿಲಲ್ಲಿದ್ದ ಹುಳುವನ್ನು ಕಂಡವರು ಟ್ವೀಡ್ ಎಂಬ ಹೆಸರಿನವರು. ಬರೀ ಕಾಕತಾಳೀಯವಾದರೂ ಇಂಥದನ್ನು ಕೇಳಿದಾಗ ನನಗೆ ರೋಮಾಂಚನವಾಗುತ್ತದೆ. 1915ರಲ್ಲೇ ಈ ಕಾಡಿಗೆ ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿತು. ಇಂದು ಇದು ‘ಆಸ್ಟ್ರೇಲಿಯಾದ ಗೊಂಡ್ವಾನಾ ಮಳೆಕಾಡುಗಳು’ ಎಂಬ ವಿಶ್ವ ಪರಂಪರೆಯ ತಾಣದ ಭಾಗ. ಗೊಂಡ್ವಾನಾ ಎಂದರೆ ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ, ಆಫ್ರಿಕಾ, ದಕ್ಷಿಣ ಅಮೆರಿಕಗಳ ಜೊತೆಗೆ ನಮ್ಮ ಭರತಖಂಡವೂ ಒಂದಾಗಿದ್ದ ಆದಿಮ ಮಹಾಖಂಡ. ಲ್ಯಾಮಿಂಗ್ಟನ್ನಿನ ಎತ್ತರದ ಮಂಜಿನಲ್ಲಿ ಇಂದಿಗೂ ನಿಂತಿರುವ ಅಂಟಾರ್ಕ್ಟಿಕ್ ಬೀಚ್ ಮರಗಳು ಆ ಕಾಲದ ಸಸ್ಯವಂಶದ ಕುಡಿಗಳು.

ಇಂಥ ತೇವದ ಕಾಡಿಗೂ 2019ರ ಸೆಪ್ಟೆಂಬರಿನಲ್ಲಿ ಬೆಂಕಿ ತಲುಪಿತು. 1930ರ ದಶಕದಿಂದ ನಿಂತಿದ್ದ ಬಿನ್ನಾ ಬುರ್ರಾದ ಮರದ ವಸತಿಗೃಹ ಸುಟ್ಟು ಬೂದಿಯಾಯಿತು. ಎರಡು ವರ್ಷ ಕಳೆದ ಮೇಲೆ ಅದೇ ಧಾಮದ ಬಿಡಾರದಂಗಳದಲ್ಲಿ, ಒಂದು ಹುಲ್ಲೆಲೆಯ ಮೇಲೆ, ಲೋಕಕ್ಕೆ ಗೊತ್ತೇ ಇಲ್ಲದ ಜೀವವೊಂದು ಕೂತಿತ್ತು! ಬೆಂಕಿ ಇನ್ನಷ್ಟು ಹಬ್ಬಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ.

ಉದ್ದಮೀಸೆ ಜೀರುಂಡೆಗಳ ಕುಟುಂಬ ನಮಗೇನೂ ಹೊಸದಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರನ್ನು ಕೇಳಿ. ‘ಬೋರರ್’ ಎಂದರೆ ಸಾಕು, ಮುಖದ ಬಣ್ಣವೇ ಬದಲಾಗುತ್ತದೆ. ಅರೇಬಿಕಾ ಗಿಡಗಳನ್ನು ಒಳಗಿನಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕ ಈ ಉದ್ದಮೀಸೆಯ ಕುಟುಂಬದ್ದೇ. ತಾಯಿ ಜೀರುಂಡೆ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ತೊಗಟೆಯಡಿ ಸುರಂಗ ತೋಡುತ್ತ ಮರದ ಒಳತಿರುಳಿಗೆ ಇಳಿಯುತ್ತದೆ, ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತದೆ. 1863ರಲ್ಲೇ ಅದಕ್ಕೆ ವೈಜ್ಞಾನಿಕ ಹೆಸರು ಬಿತ್ತು. ತೋಟಕ್ಕೆ ಹಾನಿ ಮಾಡುವ ಹುಳುವಿಗೆ ಹೆಸರು ಬೇಗ ಸಿಗುತ್ತದೆ, ಅದರ ಬದುಕಿನ ಒಂದೊಂದು ಮಗ್ಗುಲೂ ದಾಖಲಾಗುತ್ತದೆ. ಯಾರಿಗೂ ತೊಂದರೆ ಕೊಡದೆ ಕಾಡಿನ ಒಣಕೊಂಬೆಗಳನ್ನು ತಿಂದು ಮಣ್ಣಿಗೆ ಮರಳಿಸುವ ಅಸಂಖ್ಯ ಬಂಧುಗಳು ಹೆಸರಿಲ್ಲದೆಯೇ ಹುಟ್ಟಿ ಸಾಯುತ್ತವೆ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಇವುಗಳ ಮೈಕಟ್ಟು ಒಮ್ಮೆ ಹತ್ತಿರದಿಂದ ನೋಡಬೇಕು ನೀವು. ಮೀಸೆ ಎಷ್ಟೋ ಪ್ರಭೇದಗಳಲ್ಲಿ ಮೈಗಿಂತ ಉದ್ದ, ಸಾಮಾನ್ಯವಾಗಿ 11 ಗೆಣ್ಣುಗಳದ್ದು. ಆ ಮೀಸೆ ಹುಟ್ಟುವ ಬುಡಕ್ಕೆ ಜಾಗ ಬಿಡಲೆಂದೇ ಕಣ್ಣು ಒಳಕ್ಕೆ ಬಾಗಿ, ಮೀಸೆಯ ಬುಡವನ್ನು ಅರ್ಧ ಸುತ್ತುವರಿದಿರುತ್ತದೆ. ಕೆಲವದರಲ್ಲಂತೂ ಒಂದೊಂದು ಕಣ್ಣೂ ಪೂರ್ತಿ ಎರಡು ಹೋಳಾಗಿ, ಒಂದು ಹೋಳು ಮೀಸೆಯ ಮೇಲೆ, ಇನ್ನೊಂದು ಕೆಳಗೆ! ಬಿನ್ನಾ ಬುರ್ರಾದ ಜೀರುಂಡೆ ಸೇರಿದ ಲಾಮಿನೀ ಉಪಕುಟುಂಬದ್ದು ಇನ್ನೂ ಒಂದು ವೈಶಿಷ್ಟ್ಯ: ಹಣೆ ಗೋಡೆಯ ಹಾಗೆ ನೇರ ಕೆಳಗಿಳಿದು, ಬಾಯಿ ನೆಲದತ್ತ ತಿರುಗಿರುತ್ತದೆ. ಕೈಯಲ್ಲಿ ಹಿಡಿದರೆ ಈ ಕುಟುಂಬದ ಅನೇಕ ಜೀರುಂಡೆಗಳು ಎದೆಯ ಎರಡು ಭಾಗಗಳನ್ನು ಒಂದಕ್ಕೊಂದು ಉಜ್ಜಿ ಕಿರ್ ಕಿರ್ ಎಂದು ಪ್ರತಿಭಟಿಸುತ್ತವೆ. ಹುಡುಗರಾಗಿದ್ದಾಗ ಮಾವಿನ ಮರದ ಬುಡದಲ್ಲಿ ದೊಡ್ಡ ಉದ್ದಮೀಸೆ ಹಿಡಿದವರಿಗೆ ಆ ಸದ್ದು ನೆನಪಿರುತ್ತದೆ.

ಸರಿ, ಎಲೆಯ ಮೇಲೆ ಏನೋ ವಿಚಿತ್ರ ಸಿಕ್ಕಿತು. ಅದು ಹೊಸದು ಎಂದು ಹೇಳುವುದು ಹೇಗೆ? ಇಲ್ಲಿಂದ ಶುರುವಾಗುವ ಕೆಲಸ ಕಾಡು ಸುತ್ತುವುದಕ್ಕಿಂತ ದೊಡ್ಡ ಸಾಹಸ ಎಂದೇ ನನ್ನ ಭಾವನೆ. ‘ಇದು ಇಂಥದ್ದು’ ಎಂದು ತೋರಿಸಲು ಒಂದು ಸಾಕ್ಷಿ ಸಾಕು. ‘ಇದು ಈವರೆಗೆ ಗೊತ್ತಿರುವ ಯಾವುದೂ ಅಲ್ಲ’ ಎಂದು ತೋರಿಸಲು ಈವರೆಗೆ ಗೊತ್ತಿರುವುದನ್ನೆಲ್ಲ ಎದುರಿಗೆ ತರಬೇಕು!

ಟ್ವೀಡ್ ಮೊದಲು ಪುಸ್ತಕಗಳನ್ನು ತಿರುವಿದರು, ಸಂಶೋಧನಾ ಲೇಖನಗಳನ್ನು ಓದಿದರು, ಅಂತರ್ಜಾಲದ ಚಿತ್ರಗಳನ್ನು ಜಾಲಾಡಿದರು. ಹೋಲುವಂಥದು ಸಿಗಲಿಲ್ಲ. ಆಮೇಲೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ರಾಷ್ಟ್ರೀಯ ಕೀಟ ಸಂಗ್ರಹಾಲಯದ ಬಾಗಿಲು ತಟ್ಟಿದರು. ಅಲ್ಲಿ ಸೂಜಿಗೆ ಚುಚ್ಚಿ, ಚೀಟಿ ಅಂಟಿಸಿ ಕಾಪಾಡಿರುವ ಕೀಟಗಳು 1 ಕೋಟಿ 20 ಲಕ್ಷಕ್ಕೂ ಮಿಕ್ಕು. ಆಸ್ಟ್ರೇಲಿಯಾದ ಉದ್ದಮೀಸೆ ಜೀರುಂಡೆಗಳ ಬಗ್ಗೆ, ಅದರಲ್ಲೂ ಮೊದಲಿಗೆ ಲಾಮಿನೀ ಉಪಕುಟುಂಬದ ಬಗ್ಗೆ, 2013ರಲ್ಲಿ ದಪ್ಪ ಗ್ರಂಥ ಹೊರತಂದ ಆಡಮ್ ಸ್ಲಿಪಿನ್‌ಸ್ಕಿ ಮತ್ತು ಹರ್ಮೆಸ್ ಎಸ್ಕಲೋನಾ ಆ ಸಂಗ್ರಹಾಲಯದವರೇ. ಹೊಸದು ಎಂದು ಹೇಳುವ ಧೈರ್ಯ ಬರುವುದು ಹಳೆಯದನ್ನು ಇಷ್ಟು ಶ್ರದ್ಧೆಯಿಂದ ಬಲ್ಲವರಿದ್ದಾಗ. ಅಲ್ಲಿನ ತಜ್ಞರು ನೋಡಿ ದೃಢಪಡಿಸಿದರು: ಪ್ರಭೇದ ಹೊಸದು, ಕುಲವೂ ಹೊಸದು.

ಇಂಥ ಪರೀಕ್ಷೆಯಲ್ಲಿ ವರ್ಗೀಕರಣ ತಜ್ಞರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಗೊತ್ತೆ? ಕಣ್ಣು ಕುಕ್ಕುವ ಕೂದಲಿನ ಮೇಲೆ ಮಾತ್ರ ಅದು ನಿಲ್ಲುವುದಿಲ್ಲ. ಸೂಕ್ಷ್ಮದರ್ಶಕದಡಿ ಮೀಸೆಯ ಮೊದಲ ಗೆಣ್ಣಿನ ತುದಿಯಲ್ಲಿ ಗಾಯದ ಕಲೆಯಂಥ ಗುರುತು ಇದೆಯೇ, ನಡುಗಾಲಿನ ಹೊರಬದಿಯಲ್ಲಿ ಒಂದು ತೋಡು ಇದೆಯೇ, ಪಾದದ ತುದಿಯ ಎರಡು ಉಗುರುಗಳು ಎಷ್ಟು ಅಗಲಕ್ಕೆ ಬಿಚ್ಚಿಕೊಂಡಿವೆ, ಮುಂಗಾಲು ಎದೆಗೆ ಕೂಡುವ ಕುಳಿ ಹಿಂದೆ ಮುಚ್ಚಿದೆಯೋ ತೆರೆದಿದೆಯೋ, ಎದೆಯ ಪಕ್ಕದಲ್ಲಿ ಮುಳ್ಳು ಇದೆಯೋ ಇಲ್ಲವೋ. ಕೀಟದ ವಂಶವೃಕ್ಷ ಬರೆದಿರುವುದು ಇಂಥ ಮೂಲೆಗಳಲ್ಲಿ! ಬಣ್ಣ ಮೋಸ ಮಾಡಬಹುದು, ಕೂದಲು ಉದುರಬಹುದು, ಈ ಕೀಲು ಕುಳಿಗಳು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹತ್ತು ಮಿಲಿಮೀಟರ್ ಇಲ್ಲದ ಪ್ರಾಣಿಯ ಕಾಲುಗುರಿನ ಕೋನವನ್ನು ಕಂಡು ‘ಇದು ಆ ಮನೆತನದ್ದಲ್ಲ’ ಎನ್ನಬಲ್ಲವರು ಈ ಭೂಮಿಯ ಮೇಲಿದ್ದಾರೆ ಎಂಬುದೇ ಒಂದು ಭಾಗ್ಯ.

ಮತ್ತೆ ಬರವಣಿಗೆ. ತಲೆಯಿಂದ ಹೊಟ್ಟೆಯ ಕೊನೆಯವರೆಗೆ ಅಂಗಾಂಗಗಳ ಬಣ್ಣನೆ, ಅಳತೆ, ಚಿತ್ರ. ಹತ್ತಿರದ ಬಂಧುಗಳಿಂದ ಇದನ್ನು ಬೇರೆ ಮಾಡುವ ಗುರುತುಗಳು. ಎಲ್ಲಕ್ಕಿಂತ ಮುಖ್ಯವಾಗಿ ಹೋಲೋಟೈಪ್, ಅಂದರೆ ಆ ಹೆಸರನ್ನು ಎಂದೆಂದಿಗೂ ಹೊರುವ ಒಂದು ದೇಹ. ಯಾವ ಜಾಗ, ಯಾವ ತಾರೀಖು, ಹಿಡಿದವರು ಯಾರು ಎಂಬ ಪುಟ್ಟ ಚೀಟಿ ಅದೇ ಸೂಜಿಗೆ ಪೋಣಿಸಿಕೊಂಡಿರುತ್ತದೆ. ನೂರು ವರ್ಷ ಕಳೆದು ಯಾರಿಗಾದರೂ ಅನುಮಾನ ಬಂದರೂ ಉತ್ತರ ಹುಡುಕಬೇಕಾದದ್ದು ಆ ದೇಹದಲ್ಲೇ. ಬಿನ್ನಾ ಬುರ್ರಾದ ಜೀರುಂಡೆಯ ವಿವರಣೆ 2024ರ ಮಾರ್ಚಿನಲ್ಲಿ ‘ಆಸ್ಟ್ರೇಲಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ’ಯಲ್ಲಿ ಪ್ರಕಟವಾಯಿತು. ಎಲೆಯಿಂದ ಪುಟಕ್ಕೆ ಬರಲು ಎರಡು ವರ್ಷ ದಾಟಿತ್ತು.

ಹೆಸರು ಎಕ್ಸ್‌ಕ್ಯಾಸ್ಟ್ರಾ ಆಲ್ಬೋಪೈಲೋಸಾ. ಮೊದಲ ಪದ ಕುಲದ್ದು, ‘ಬಿಡಾರದಿಂದ ಬಂದದ್ದು’ ಎಂಬ ಲ್ಯಾಟಿನ್ ಮಾತಿನಿಂದ ಕಟ್ಟಿದ್ದು. ಎರಡನೆಯದಕ್ಕೆ ಬಿಳಿಗೂದಲಿನದ್ದು ಎಂದರ್ಥ. ಪ್ರಾಣಿಗಳಿಗೆ ಹೀಗೆ ಎರಡು ಪದದ ಹೆಸರಿಡುವ ಲೆಕ್ಕ ಶುರುವಾಗಿದ್ದು ಲಿನೇಯಸ್‌ನ 1758ರ ಗ್ರಂಥದಿಂದ. ಹುಲಿ, ಆನೆ, ನವಿಲುಗಳಿಂದ ತೊಡಗಿದ ಆ ಮಹಾಪಟ್ಟಿಗೆ ಟೆಂಟು ಹಾಕುವ ಅಂಗಳದ ಈ ಹುಳು ಸೇರಿಕೊಂಡಿತು!

ಇನ್ನು ಆ ಕೂದಲು. ಏಕೆ ಬೇಕಿತ್ತು ಇಷ್ಟೊಂದು? ಸಂಶೋಧಕರು ಮುಂದಿಟ್ಟಿರುವ ಒಂದು ಊಹೆ ಓದಿ ನಾನು ಕುಳಿತಲ್ಲಿಂದ ಎದ್ದೇಬಿಟ್ಟೆ. ಶಿಲೀಂಧ್ರ ತಗುಲಿ ಸತ್ತ ಕೀಟದಂತೆ ಕಾಣಲು ಈ ವೇಷ ಇರಬಹುದಂತೆ! ಹಕ್ಕಿಯ ಕಣ್ಣಿಗೆ ಇದು ಬೂಸ್ಟು ಹಿಡಿದ ಹೆಣ, ತಿನ್ನಲು ಲಾಯಕ್ಕಲ್ಲ.

ಈ ಊಹೆಯ ತೂಕ ರಾಮನಗರದ, ಶಿಡ್ಲಘಟ್ಟದ ರೇಷ್ಮೆ ರೈತರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ. ಚಳಿಯೂ ತೇವವೂ ಕೂಡಿದ ದಿನಗಳಲ್ಲಿ ಹುಳುಮನೆಗೆ ಸುಣ್ಣಕಟ್ಟು ರೋಗ ಹೊಕ್ಕರೆ ಏನಾಗುತ್ತದೆಂದು ಅವರು ಕಂಡಿದ್ದಾರೆ. ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಿದ್ದ ಹುಳು ಮೇವು ಬಿಡುತ್ತದೆ, ಮಂಕಾಗುತ್ತದೆ, ಸತ್ತು ಸೆಟೆದುಕೊಳ್ಳುತ್ತದೆ. ಆಮೇಲೆ ಮೈಯೊಳಗಿಂದ ಬೆಳ್ಳನೆಯ ಎಳೆಗಳು ಹೊರಬಂದು ಸುಣ್ಣ ಬಳಿದ ಕಡ್ಡಿಯಂತಾಗುತ್ತದೆ. ಅದನ್ನು ತರುವುದು ಬ್ಯೂವೇರಿಯಾ ಎಂಬ ಶಿಲೀಂಧ್ರ. ಅದರ ಬೀಜಕ ಕೀಟದ ಚರ್ಮದ ಮೇಲೆ ಬಿದ್ದು ಮೊಳೆಯುತ್ತದೆ, ಚರ್ಮವನ್ನು ಕರಗಿಸುತ್ತ ಒತ್ತುತ್ತ ಒಳಗಿಳಿಯುತ್ತದೆ, ಒಳಗೆಲ್ಲ ಹಬ್ಬಿ ಕೊಂದು, ತೇವ ಸಿಕ್ಕೊಡನೆ ಹೊರಗೆ ಅರಳುತ್ತದೆ. 1835ರಲ್ಲಿ ಇಟಲಿಯ ಅಗೊಸ್ಟಿನೋ ಬಾಸ್ಸಿ, ರೇಷ್ಮೆಹುಳುವಿನ ಈ ರೋಗಕ್ಕೆ ಕಾರಣ ಒಂದು ಜೀವಂತ ಸೂಕ್ಷ್ಮಜೀವಿ ಎಂದು ತೋರಿಸಿಕೊಟ್ಟ. ಪಾಶ್ಚರ್, ಕಾಖ್ ಹೆಸರು ಕೇಳಿಬರುವುದಕ್ಕೂ ಮುಂಚಿನ ಮಾತು. ಅದೇ ಶಿಲೀಂಧ್ರವನ್ನು ಕಾಫಿ ತೋಟಗಳಲ್ಲಿ ಕಾಯಿಕೊರಕದ ಮೇಲೆ ಸಿಂಪಡಿಸುತ್ತಾರೆ. ಸತ್ತ ಪುಟ್ಟ ಕಪ್ಪು ಜೀರುಂಡೆಯ ಮೇಲೆ ಬಿಳಿ ನಯ ಕೂದಲು ಎದ್ದಿರುವುದನ್ನು ಅಲ್ಲಿ ಕೈಮಸೂರದಲ್ಲಿ ಕಾಣಬಹುದು. ಆಸ್ಟ್ರೇಲಿಯಾದ ಮಳೆಕಾಡಿನಲ್ಲೂ ಕೀಟಗಳನ್ನು ಕೊಲ್ಲುವ ಇಂಥ ಶಿಲೀಂಧ್ರಗಳಿಗೆ ಬರವಿಲ್ಲ.

ಈಗ ಯೋಚಿಸಿ! ಕೀಟಕುಲವನ್ನೇ ನಡುಗಿಸುವ ಸಾವಿನ ಚಹರೆಯನ್ನು ಒಂದು ಜೀರುಂಡೆ ಬದುಕಿನ ಉಪಾಯವಾಗಿ ತೊಟ್ಟುಕೊಂಡಿದ್ದರೆ? ಯಾವ ಹಕ್ಕಿಗೆ ಯಾವ ಕೂದಲು ಅನುಮಾನ ಹುಟ್ಟಿಸಿತೋ, ಆ ಕೂದಲಿನ ಹುಳು ಉಳಿಯಿತು, ಅದರ ಮಕ್ಕಳು ಉಳಿದವು. ತಲೆಮಾರಿನ ಮೇಲೆ ತಲೆಮಾರು ಕೂದಲು ಉದ್ದವಾಯಿತು, ಬೆಳ್ಳಗಾಯಿತು, ನೆಟ್ಟಗಾಯಿತು. ಇದಿನ್ನೂ ಊಹೆಯಷ್ಟೇ. ಸಾಬೀತು ಮಾಡಲು ಬದುಕಿರುವ ಜೀರುಂಡೆಗಳು ಬೇಕು, ಅವುಗಳ ಮುಂದೆ ಹಕ್ಕಿಗಳ ನಡವಳಿಕೆ ನೋಡಬೇಕು. ಟ್ವೀಡ್ ಕೂಡ ಹೇಳಿರುವುದು ಅದನ್ನೇ: ಇನ್ನಷ್ಟು ಸಿಗುವವರೆಗೆ ಖಚಿತವಾಗಿ ಏನೂ ಹೇಳಲಾಗದು. ಏಕೆಂದರೆ ವಿವರಣೆ ಪ್ರಕಟವಾದಾಗ ಲೋಕಕ್ಕೆ ಗೊತ್ತಿದ್ದದ್ದು ಒಂದೇ ಒಂದು ಎಕ್ಸ್‌ಕ್ಯಾಸ್ಟ್ರಾ. ಒಂದು ಇಡೀ ಕುಲ ಒಂದು ಸೂಜಿಯ ಮೇಲೆ!

ಭೂಮಿಯ ಮೇಲೆ ಸುಮಾರು 55 ಲಕ್ಷ ಬಗೆಯ ಕೀಟಗಳಿರಬಹುದು ಎಂಬುದು ವಿಜ್ಞಾನಿಗಳ ಒಂದು ಅಂದಾಜು. ಹೆಸರು ಪಡೆದಿರುವುದು ಐದರಲ್ಲಿ ಒಂದಂಶ, ಹೆಚ್ಚುಕಡಿಮೆ 10 ಲಕ್ಷ. ಉಳಿದ ನಾಲ್ಕಂಶ ನಮ್ಮ ಪುಸ್ತಕಗಳಾಚೆ ನಡೆದಾಡುತ್ತಿದೆ, ಹಾರುತ್ತಿದೆ, ಮರ ಕೊರೆಯುತ್ತಿದೆ. ಇಂಥ ಸಂಖ್ಯೆಗಳನ್ನು ಓದುವಾಗ ನಮಗೆ ಅಮೆಜಾನಿನ ನಟ್ಟನಡು ನೆನಪಾಗುತ್ತದೆ. ಬಿನ್ನಾ ಬುರ್ರಾ ಆ ಎಣಿಕೆಯನ್ನು ತಲೆಕೆಳಗು ಮಾಡಿದೆ. ಜನ ಚಹಾ ಕಾಯಿಸಿದ, ಮಕ್ಕಳು ಓಡಾಡಿದ, ವರ್ಷವಿಡೀ ಕ್ಯಾಮೆರಾಗಳು ಸುತ್ತಾಡಿದ ಜಾಗದಲ್ಲಿ ಒಂದು ಕುಲವೇ ಅಡಗಿತ್ತು. ಹಾಗಿದ್ದರೆ ಕುದುರೆಮುಖದ ಶೋಲಾ ಕಾಡಿನಲ್ಲಿ, ಆಗುಂಬೆಯ ಹಾದಿಬದಿಯ ಕುರುಚಲಿನಲ್ಲಿ, ನಿಮ್ಮ ತೋಟದ ಬೇಲಿಯಲ್ಲಿ ಏನೇನಿರಬಹುದು! ಅವುಗಳನ್ನು ಹೊಸದೆಂದು ಗುರುತಿಸಬಲ್ಲ ಕಣ್ಣು, ಕುಳಿತು ಬರೆಯಬಲ್ಲ ತಾಳ್ಮೆ, ಚೀಟಿಯೊಂದಿಗೆ ಕಾಪಾಡುವ ಪೆಟ್ಟಿಗೆ, ಇವಕ್ಕೆ ನಾವು ದುಡ್ಡು ಮತ್ತು ಗೌರವ ಎರಡನ್ನೂ ಕೊಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಎಕ್ಸ್‌ಕ್ಯಾಸ್ಟ್ರಾದ ಬಗ್ಗೆ ಕೇಳಲು ಉಳಿದಿರುವ ಪ್ರಶ್ನೆಗಳನ್ನು ನೋಡಿ. ಅದರ ಮರಿಹುಳು ಬೆಳೆಯುವುದು ಯಾವ ಮರದಲ್ಲಿ, ಹಸಿಯದರಲ್ಲೋ ಒಣಗಿದ್ದರಲ್ಲೋ? ಆ ಲೋಮಾಂಡ್ರಾ ಅದರ ಊಟದ ಗಿಡವೋ, ಹಾರುವ ನಡುವೆ ಸುಮ್ಮನೆ ಇಳಿದ ತಾಣವೋ? ಗಂಡಿಗೂ ಹೆಣ್ಣಿಗೂ ಕೂದಲು ಒಂದೇ ಬಗೆಯೇ? ಬೆಟ್ಟದ ತುದಿಯಲ್ಲಿ ಮಾತ್ರ ಇದೆಯೇ, ಕಣಿವೆಯಲ್ಲೂ ಇದೆಯೇ? ಇವುಗಳಲ್ಲಿ ಅರ್ಧಕ್ಕಾದರೂ ಉತ್ತರ ಸಿಗಲು ದೊಡ್ಡ ಯಂತ್ರಗಳೇನೂ ಬೇಕಿಲ್ಲ. ರಾತ್ರಿ ಒಂದು ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ದೀಪ ಹಚ್ಚಿದರೆ ಉದ್ದಮೀಸೆಗಳು ಬರುತ್ತವೆ. ಬಿದ್ದ ಕೊಂಬೆಗಳನ್ನು ಬಲೆಯ ಪಂಜರದಲ್ಲಿಟ್ಟು ತಿಂಗಳುಗಟ್ಟಲೆ ಕಾದರೆ ಒಳಗಿದ್ದವು ತಾವಾಗಿ ಕೊರೆದು ಹೊರಬರುತ್ತವೆ. ಹೇಗಿರುತ್ತದೆಂದು ಈಗ ಎಲ್ಲರಿಗೂ ಗೊತ್ತು, ಚಿತ್ರವಿದೆ, ಹೆಸರಿದೆ. ಡಿಸೆಂಬರಿನಲ್ಲಿ ಆ ಬೆಟ್ಟಕ್ಕೆ ಹೋಗುವ ಯಾವ ಹತ್ತು ವರ್ಷದ ಹುಡುಗಿ ಬೇಕಾದರೂ ಎರಡನೆಯದನ್ನು ಹುಡುಕಬಹುದು!